ಮೊಣಕೈಗೊಂದು ದಿಂಬು

ಸೊಲ್ಲಾಪುರ, ೧೯೩೪

ವಾಗದರಿಯ ಅಪ್ಪನವರಿಗೆ ಮಗಳು ರಾಚಮ್ಮನ ಶರಣು.

ಅಕ್ಷರ ಸೊಟ್ಟಗಿವೆ ಎಂದು ಗಾಬರಿಯಾಗಬೇಡಿ, ಬರೆಯುತ್ತಿರುವುದು ಸಂತೋಷದ ಸುದ್ದಿ! ನನ್ನ ಕೈಯೂ ನಿಮ್ಮ ಕೈಯಂತೆ ನಡುಗತೊಡಗಿತ್ತು, ನಿಮಗೆ ಹೇಳಿರಲಿಲ್ಲ. ನಿನ್ನೆ ಇವರು ಡಾಕ್ಟರರ ಹತ್ತಿರ ಕರೆದೊಯ್ದರು. ಡಾಕ್ಟರರು ತುಂಬಿದ ಲೋಟ ಹಿಡಿ ಎಂದರು, ನೀರು ಚೆಲ್ಲಿತು. ಕೈ ತೊಡೆಯ ಮೇಲಿಡು ಎಂದರು, ನಡುಕ ನಿಂತೇಹೋಯಿತು!

"ನೋಡವ್ವಾ, ಕಂಪವಾತದಾಗ ಸುಮ್ಮನ ಇಟ್ಟ ಕೈ ನಡಗತೈತಿ. ನಿಂದು ಕೆಲಸಾ ಮಾಡುವಾಗ ನಡಗತೈತಿ. ಇದು ಬ್ಯಾರೆ, ಅಂಜೂದೇನಿಲ್ಲ. ಮನ್ಯಾಗ ಮತ್ಯಾರಿಗರ ಐತೇನು?" ಎಂದು ಕೇಳಿದರು.

ಅಪ್ಪಾ, ನಿಮಗೂ ಅಜ್ಜನ ಕಂಪವಾತವೇ ಬಂತೆಂದು ಊರೆಲ್ಲ ಹೇಳಿತಲ್ಲ? ಅಜ್ಜನ ಕೈ ತೊಡೆಯ ಮೇಲಿದ್ದಾಗಲೇ ನಡುಗುತ್ತಿತ್ತು, ಕಾಲೂ ಎಳೆಯುತ್ತಿತ್ತು. ಕಟ್ಟೆಯ ಮೇಲೆ ಕೂತಾಗ ನಿಮ್ಮ ಕೈ ಅಲುಗುವುದೇ ಇಲ್ಲ! ನಿಮ್ಮದು ಅಜ್ಜನ ರೋಗವಲ್ಲ, ನನ್ನದೇ.

ಅಂಗೈಯಿಂದ ಇಷ್ಟಲಿಂಗ ಬಿದ್ದೀತೆಂದು ಹೆದರಿ ವರ್ಷದಿಂದ ಅದನ್ನು ಮಣೆಯ ಮೇಲಿಟ್ಟು ಪೂಜಿಸುತ್ತಿದ್ದೀರಿ. ಇನ್ನು ಅದು ಬೇಡ. ಒಂದು ದಿಂಬು ಕಳಿಸಿದ್ದೇನೆ, ಹೊಲಿಗೆ ನೋಡಿ ನಗಬೇಡಿ. ಎಡ ಮೊಣಕೈಯನ್ನು ಅದರ ಮೇಲೆ ಊರಿ, ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಿ. ಇವತ್ತು ಬೆಳಿಗ್ಗೆ ನಾನು ಹಾಗೆಯೇ ಪೂಜೆ ಮಾಡಿದೆ.

ನಡುಗಿತು, ಅಪ್ಪಾ. ಬೀಳಲಿಲ್ಲ.

ನಿಮ್ಮ ಕೈಯನ್ನೇ ಪಡೆದ ಮಗಳು,
ರಾಚಮ್ಮ