ಸಿಪ್ಪೆ ಬಿಡದ ಬಾದಾಮಿ

ಗುಬ್ಬಿ, ಗುರುವಾರ

ತುಮಕೂರಿನ ಡ್ರೈಫ್ರೂಟ್ಸ್ ಅಂಗಡಿ ಅಜ್ಮತುಲ್ಲಾ ಸಾಹೇಬ್ರಿಗೆ ಅಲಮೇಲಮ್ಮನ ನಮಸ್ಕಾರ.

ಫೋನ್ ಮಾಡಿದ್ರೆ ಸೊಸೆ ಅನನ್ಯ ಕೇಳಿಸ್ಕೋತಾಳೆ, ಅದಕ್ಕೇ ಈ ಕಾಗದ.

ಮೊಮ್ಮಗಳು ಅಪೇಕ್ಷಾಗೆ ಅಂತ ಅವಳು ನಿಮ್ಮಲ್ಲಿ ತಂದ, ಗೋಧೀಲಿ ಬಾದಾಮಿ ಥರಾನೇ ಮಾಡಿರೋ ಆ 'ಗೋಧಿ ಬಾದಾಮಿ' ಮೇಲೆ ನನಗೆ ಮೊದಲಿಂದ್ಲೂ ಅನುಮಾನ. ಒಂದು ಸಂಜೆ ಐದು ಕಾಳು ನೆನೆಹಾಕಿದೆ. ಬೆಳಿಗ್ಗೆ ಸಿಪ್ಪೆ ಸುಲಿಯೋಣ ಅಂತ ನೋಡಿದ್ರೆ ಲೋಟದಲ್ಲಿ ಬರೀ ಅಂಬಲಿ! ಪ್ರೋಟೀನು ಬಾದಾಮಿಯಷ್ಟೇ ಇದೆ, ಪ್ಯಾಕೆಟ್ ಮೇಲೆ ಬರೆದಿದಾರೆ ಓದಿ ಅಂತಾಳೆ ಸೊಸೆ. ಬರೆಯೋಕೇನು? ಗೋಧಿಯಲ್ಲೇ ಅಷ್ಟು ಶಕ್ತಿ ಇದ್ರೆ ದಿನಾ ಚಪಾತಿ ತಿನ್ನೋ ನನಗ್ಯಾಕೆ ಮಂಡಿನೋವು? ಮಗುಗೆ ಬಾದಾಮಿ ಅಲರ್ಜಿ ಅಂದಿದ್ದನ್ನೂ ನಾನು ನಂಬಲಿಲ್ಲ. ನಮ್ಮ ವಂಶದಲ್ಲಿ ಯಾರಿಗಿತ್ತು ಅದು?

ಹೋದ ವಾರ ನಾನೇ ಬಂದು ಅಸಲಿ ಬಾದಾಮಿ ಕಾಲು ಕೆಜಿ ತಗೊಂಡು ಹೋದೆನಲ್ಲ, ಅದು ಅಪೇಕ್ಷಾಗೇ. ಸೋಮವಾರ ಎರಡೇ ಎರಡು ಸುಲಿದು, ಅರೆದು, ಹಾಲಿಗೆ ಹಾಕಿ ಕೊಟ್ಟೆ.

ಅರ್ಧ ಲೋಟ ಕುಡಿಯೋಷ್ಟರಲ್ಲಿ ಮಗು ತುಟಿ ಊದ್ಕೊಳ್ತು. ಇಂಜೆಕ್ಷನ್ ಆಯ್ತು, ಈಗ ಆಟ ಆಡ್ತಿದಾಳೆ. ಏನು ಕೊಟ್ರಿ ಅಂತ ಡಾಕ್ಟ್ರು ಕೇಳಿದಾಗ ನಾನು ಗೋಧಿ ಪ್ಯಾಕೆಟ್ ತೋರಿಸ್ಬಿಟ್ಟೆ.

ಶನಿವಾರ ಅನನ್ಯ ಅದೇ ಪ್ಯಾಕೆಟ್ ಹಿಡ್ಕೊಂಡು ನಿಮ್ಮ ಅಂಗಡಿಗೆ ಜಗಳಕ್ಕೆ ಬರ್ತಾಳೆ. ಗೋಧೀದೇ ಇನ್ನೊಂದು ಪ್ಯಾಕೆಟ್ ಅವಳ ಕೈಲಿ ಕಳಿಸಿ, ಇನ್ಮೇಲೆ ನೆನೆಹಾಕಲ್ಲ. ಕೊಡೋಕೆ ಮುಂಚೆ, ಹೋದ ವಾರ ನಾನು ಏನು ತಗೊಂಡು ಹೋದೆ ಅಂತ ಅವಳಿಗೆ ಹೇಳ್ಬಿಡಿ. ಮೂರು ದಿನದಿಂದ ನೋಡ್ತಿದೀನಿ, ನನ್ನ ಬಾಯಿಂದ ಬರ್ತಿಲ್ಲ.

ಇಂತಿ,
ಅಪೇಕ್ಷಾಳ ಅಜ್ಜಿ
ಅಲಮೇಲಮ್ಮ