ಕ್ರೇನಿನ ಕಾಲ ಕೆಳಗಿನ ಬಾವಿ

ತಾಂಡವಪುರ
ಸೋಮವಾರ

ಚಿರಂಜೀವಿ ಅಮೃತೇಶನಿಗೆ ಜವರಮ್ಮ ಮಾಡುವ ಆಶೀರ್ವಾದ.

ನಂಜನಗೂಡಿನ ಆಸ್ಪತ್ರೆಯಲ್ಲಿ ನಿನ್ನ ತೊಡೆಗೆ ರಾಡ್ ಹಾಕಿದ್ದಾರೆಂದು ತಿಳಿಯಿತು. ಹೆಚ್ಚು ಭಾರ ಎತ್ತಿದ್ದಕ್ಕೆ ಕ್ರೇನ್ ಮಗುಚಿತು, ತಪ್ಪು ಡ್ರೈವರಾದ ನಿನ್ನದೇ ಎಂದು ಸೈಟಿನವರು ಬರೆದಿಟ್ಟಿದ್ದಾರಂತೆ. ಅದಕ್ಕೆ ರುಜು ಹಾಕಬೇಡ.

ಆ ಜಾಗ ಮೊದಲು ನಮ್ಮ ಹೊಲ. ಕ್ರೇನ್ ನೆಲಕ್ಕೆ ಊರಿದ್ದ ಎಡಗಾಲು ಕುಸಿದ ಕಡೆಯೇ ನಮ್ಮ ಬಾವಿ ಇತ್ತು. ಮದುವೆಯಾಗಿ ಬಂದಾಗಿನಿಂದ ನಾನು ಸೇದಿದ್ದು ಅದರ ನೀರನ್ನೇ. ಮಾರುವ ಮುಂಚೆ ಮಣ್ಣು ತುಂಬಿಸಿ ಮುಚ್ಚಿದೆವು. "ಬಾವಿ ಸುದ್ದಿ ಎತ್ಬ್ಯಾಡ, ಯಾಪಾರ ಮುರ್ದೋಯ್ತದೆ" ಎಂದಿದ್ದರು ನಮ್ಮ ಯಜಮಾನರು. ಮೇಲೆ ಹುಲ್ಲು ಬೆಳೆಯಿತು. ಒಳಗೆ ಮಣ್ಣು ಕೂರಲೇ ಇಲ್ಲ.

ಈಗ ಕಣ್ಣು ಮುಚ್ಚಿದರೆ ಸಾಕು, ರಾಟೆ ಕಿರುಗುಟ್ಟುತ್ತದೆ. ನಿನ್ನ ಕ್ರೇನು ಕೊಕ್ಕರೆಯ ಹಾಗೆ ಮೆಲ್ಲಗೆ ಕತ್ತು ಬಾಗಿಸಿ ಆ ಬಾವಿಯಲ್ಲಿ ನೀರು ಕುಡಿಯುತ್ತದೆ. ನಾನು ಇಣುಕಿದರೆ ನೀರಿನೊಳಗಿಂದ ನೀನು ನನ್ನನ್ನೇ ನೋಡುತ್ತಿರುತ್ತೀಯ.

ಗುರುವಾರ ಎಂಜಿನಿಯರ್ ಬರುತ್ತಾರಂತೆ. ಬಾವಿಕಟ್ಟೆ ಇದ್ದ ಕಡೆ ಸುಣ್ಣದಲ್ಲಿ ಗೆರೆ ಎಳೆದಿದ್ದೇನೆ, ಅಗೆದು ನೋಡಲಿ.

ಕ್ರೇನ್ ಮಗುಚಿದ ದಿನ ಬೆಳಿಗ್ಗೆ ನಾನು ಮಜ್ಜಿಗೆ ಕೊಟ್ಟಾಗ ನೀನು ಕೇಳಿದ್ದೆ, "ಅವ್ವೋ, ಇಲ್ಲಿ ನೆಲ ಗಟ್ಟಿನಾ?" "ಕಲ್ಲಿದ್ದಂಗದೆ ಕಣ್ಮಗ" ಎಂದುಬಿಟ್ಟೆ. ಇಷ್ಟು ದಿನವಾದರೂ ಆ ಮಾತನ್ನು ನೀನು ಯಾರಿಗೂ ಹೇಳಿಲ್ಲವಂತೆ. ಪೊಲೀಸರು ಬಂದರೆ ಮೊದಲು ಅದನ್ನೇ ಹೇಳು. ಕೇಳಿದರೆ ಈ ಕಾಗದವನ್ನೂ ಕೊಡು.

ಇಂತಿ,
ನೆಲ ಗಟ್ಟಿ ಎಂದವಳು
ಜವರಮ್ಮ