ನಲವತ್ತನೇ ಸಾಲಿನ ಬಾಗಿಲು

ಮಂಗಳ ಗ್ರಹ, ಕೆಂಪುಗುಂಡಿ ಊರು
೨೪೧೭ನೇ ಇಸವಿ, ಫೆಬ್ರುವರಿ ೫೧

ಕಂಪೈಲರಿನ ತಪ್ಪು-ಸಂದೇಶ ಬರೆಯುವವರಿಗೆ,

ಮತ್ತೆ ಅದೇ ಕನಸು. ತಂಗಿ ಮಹಾನಂದಾ ಹೊರಗೆ ನಿಂತು "ಅಕ್ಕಾ, ಬಾಗಲಾ ತಗಿ" ಅನ್ನುತ್ತಾಳೆ, ನಾನು ನಲವತ್ತನೇ ಸಾಲು ಅಳಿಸುತ್ತಲೇ ಇರುತ್ತೇನೆ. ತಾರೀಕು ನೋಡಿ ಗಾಬರಿಯಾಗಬೇಡಿ, ಇಲ್ಲಿ ಫೆಬ್ರುವರಿಗೆ ಐವತ್ತಾರು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಗಾಳಿಯಂತ್ರ ಕೆಟ್ಟು ನಮ್ಮ ಶಾಲೆ ಮುಚ್ಚಿತು.

ಭೂಮಿಯಿಂದ ಬರುವ ಸುತ್ತುಹಡಗು ಇಲ್ಲಿ ನಿಲ್ಲುವುದಿಲ್ಲ. ಕೆಳಗಿನಿಂದ ಕರೆಯೋಲೆ ಹೋದರೆ ಮಾತ್ರ ಹಾದುಹೋಗುತ್ತಾ ಮಂದಿಯನ್ನು ಇಳಿಸುತ್ತದೆ. ಕರೆಯೋಲೆಯೆಂದರೆ ಯಾವ ದಿನ ಬಾಗಿಲು ತೆರೆಯಬೇಕೆಂದು ಯಂತ್ರಕ್ಕೆ ಹೇಳುವ ಪ್ರೋಗ್ರಾಂ. ಕರೆಯುವವರೇ ಅದನ್ನು ಬರೆಯಬೇಕು, ಅದು ಇಲ್ಲಿಯ ಪದ್ಧತಿ. ಅದನ್ನು ಪರೀಕ್ಷಿಸಿ, ಒಪ್ಪಿದರಷ್ಟೇ ಮೇಲೆ ಕಳಿಸುವ ಕಂಪೈಲರ್ ಮಾತ್ರ ನಾನೂರು ವರ್ಷ ಹಿಂದಿನ ನಿಮ್ಮ ಕಾಲದ್ದು. ಕೈಹಚ್ಚಿದರೆ ಏನು ಕೆಡುವುದೋ ಎಂದು ಅದರ ಒಂದು ಮಾತನ್ನೂ ಯಾರೂ ಬದಲಿಸಿಲ್ಲ.

ಹೋದ ಸಲ ತಂಗಿ ನೂರ ಎಂಬತ್ತು ದಿನಕ್ಕೆ ಬರುವೆನೆಂದಳು. ಹಡಗು ಬರಲು ಹನ್ನೆರಡು ದಿನ ಇರುವಾಗ ಕೂತು ಮೂರನೇ ಸಾಲಿನಲ್ಲಿ ಹಾಗೇ ಬರೆದೆ. ಕಂಪೈಲರ್ ಹೇಳಿದ್ದು ಇಷ್ಟೇ: "ಸಾಲು ೪೦: ಬಗೆ ಹೊಂದುತ್ತಿಲ್ಲ." ನಲವತ್ತು ಬಾಗಿಲು ತೆರೆಯುವ ಸಾಲು. ಹನ್ನೊಂದು ದಿನ ಅದನ್ನೇ ಬರೆದೆ, ಅಳಿಸಿದೆ. ಪಕ್ಕದ ಕೋಣೆಯ ಗುರುಪಾದಪ್ಪ, "ಏನವಾ ನೀಲವ್ವಾ, ನಲವತ್ತನೇ ಸಾಲಿನ್ಯಾಗ ಸಂಸಾರ ಹೂಡೀಯೇನು?" ಅಂತ ನಕ್ಕ. ಹನ್ನೆರಡನೇ ದಿನ ಹಡಗು ಕಿಡಿಯಂತೆ ಹಾದುಹೋಯಿತು. ರೇಡಿಯೋದಲ್ಲಿ ಅವಳ ದನಿ ಒಮ್ಮೆ ಬಂತು: "ಅಕ್ಕಾ, ನಿನ್ನ ಓಲಿ ಬರಲೇ ಇಲ್ಲಲ್ಲ..."

ಮರುದಿನ ಗುರುಪಾದಪ್ಪ ನಗದೆ ಮೊದಲಿನಿಂದ ಓದಿ ಮೂರನೇ ಸಾಲಿನ ಮೇಲೆ ಬೆರಳಿಟ್ಟ. ತಂಗಿ ಹೇಳಿದ್ದು ಭೂಮಿಯ ದಿನ. ಬಾಗಿಲು ಕೇಳಿದ್ದು ನಮ್ಮ ದಿನ, ನಿಮ್ಮದಕ್ಕಿಂತ ನಲವತ್ತು ನಿಮಿಷ ಉದ್ದ. ಕಂಪೈಲರ್ ತಡೆದದ್ದು ಸರಿಯೇ. ತಡೆಯದಿದ್ದರೆ ಅವಳು ಮುಚ್ಚಿದ ಬಾಗಿಲ ಮುಂದೆ ಐದು ದಿನ ಇರಬೇಕಿತ್ತು, ಅಷ್ಟು ಗಾಳಿ ಯಾರ ಬಳಿಯೂ ಇರುವುದಿಲ್ಲ. ಆದರೆ "ಬಾಗಿಲಿಗೆ ಮಂಗಳದ ದಿನ ಬೇಕು, ಮೂರನೇ ಸಾಲಿನಿಂದ ಭೂಮಿಯ ದಿನ ಬಂದಿದೆ" ಅಂದಿದ್ದರೆ ನನ್ನಂಥವಳಿಗೂ ತಿಳಿಯುತ್ತಿತ್ತು. ತಪ್ಪು ಸಿಕ್ಕ ಜಾಗವನ್ನಷ್ಟೇ ಅಲ್ಲ, ಅದು ಹುಟ್ಟಿದ ಜಾಗವನ್ನೂ ತೋರಿಸಿ. ನಿಮ್ಮ ಕಾಲದಲ್ಲಿ ನೀವಿನ್ನೂ ಆ ಸಂದೇಶ ಬರೆಯುತ್ತಿದ್ದೀರಲ್ಲ.

ಮಹಾನಂದಾ ಭೂಮಿಯಿಂದ ಮತ್ತೆ ಹೊರಟಿದ್ದಾಳೆ. ಅವಳ ಚಹಾ ಲೋಟದ ಕೆಂಪು ಧೂಳನ್ನು ದಿನಾ ಒರೆಸಿಡುತ್ತೇನೆ. ಈ ಸಲ ಕಂಪೈಲರ್ ಏನೂ ಅನ್ನಲಿಲ್ಲ; ಆದರೂ ಮಲಗುವ ಮುನ್ನ ಮತ್ತೆ ಮೊದಲಿನಿಂದ ಓದುತ್ತೇನೆ. ಈಗಿನ ಮೂರನೇ ಸಾಲನ್ನು ಇದ್ದ ಹಾಗೇ ಕೆಳಗೆ ಬರೆದಿದ್ದೇನೆ:

ಪ್ರಯಾಣ = ೧೮೦ ಭೂಮಿಯ ದಿನ, ಮಂಗಳದ ದಿನಕ್ಕೆ ತಿರುಗಿಸು

೧೮೦ರ ಪಕ್ಕ "ಭೂಮಿಯ" ಅಂತಲೇ ಇದೆಯಲ್ಲ? ದಯವಿಟ್ಟು ಇನ್ನೊಮ್ಮೆ ನೋಡಿ.